ಡ್ರಮ್ಮಿನ ಸುತ್ತ ಕೂತವರು: ಗೆಳೆಯನಿಗೊಂದು ಪತ್ರ

ಪ್ರಿಯ ಮಂಜು,

ಮೊನ್ನೆ ನೀನು ಕೇಳಿದ್ದಕ್ಕೆ ಫೋನಿನಲ್ಲಿ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ನಿನ್ನ ಅಣ್ಣನ ಮಗ ಕಾಲೇಜಿಗೆ ಹೋಗುತ್ತಿಲ್ಲ. ಊಟಕ್ಕೆ ಕರೆದರೂ ಕೋಣೆ ಬಿಟ್ಟು ಬರುವುದಿಲ್ಲ. ಬೆಳಗಿನಿಂದ ರಾತ್ರಿಯವರೆಗೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮಲಗಿರುತ್ತಾನೆ. ಡಾಕ್ಟರು ಡಿಪ್ರೆಶನ್ ಅಂದಿದ್ದಾರೆ, ಮಾತ್ರೆ ಕೊಟ್ಟಿದ್ದಾರೆ. ಇಷ್ಟು ಹೇಳಿ ಕೊನೆಗೆ ನೀನು ಕೇಳಿದೆ: "ಹಾಡು ಕೇಳ್ತಾನಲ್ಲ ಮಾರಾಯ, ಅದು ಒಳ್ಳೇದೇ ಅಲ್ವಾ?"

ಒಳ್ಳೆಯದೇ ಇರಬೇಕು ಅಂದೆ. ಆಮೇಲೆ ಇಬ್ಬರೂ ಅಡಿಕೆ ರೇಟಿನ ಬಗ್ಗೆ ಮಾತಾಡಿದೆವು.

ಆದರೆ ನಿನ್ನ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಈ ಪ್ರಶ್ನೆ ಎಷ್ಟೋ ಮನೆಗಳಲ್ಲಿ ಇರುತ್ತದೆ. ಅದಕ್ಕೇ ಎಲ್ಲರೂ ಓದುವ ಹಾಗೆ ಬರೆಯಲೇ ಎಂದು ನಿನ್ನನ್ನೂ ಕೇಳಿದೆ, ಅವನನ್ನೂ ಕೇಳಿದೆ. ಅವನು ಎರಡು ಷರತ್ತು ಹಾಕಿದ. ಹೆಸರು ಬರೆಯಬಾರದು. ತಾನು ಕೇಳುವ ಮೆಟಲ್ ಸಂಗೀತವನ್ನು ಗಲಾಟೆ ಅನ್ನಬಾರದು. ನಾನು ಎರಡಕ್ಕೂ ಒಪ್ಪಿದ್ದೇನೆ. ನೀನೂ ಒಪ್ಪಬೇಕು. ತೆಂಗಿನಕಾಯಿ ಪ್ರಸಂಗ ಮಾತ್ರ ಇಲ್ಲಿ ಬರೆಯುವುದಿಲ್ಲ, ಹೆದರಬೇಡ.

ನಾನಿರುವ ಅಮೆರಿಕದ ಮಿನಿಯಾಪೊಲಿಸ್ ಡಕೋಟಾ ಎಂಬ ಮೂಲನಿವಾಸಿ ಜನರ ನೆಲ. ಉತ್ತರದ ಕೆರೆಗಳ ಕಡೆ ಹೋದರೆ ಒಜಿಬ್ವೆ ಜನ. ಊರೊಳಗೆ ಫ್ರಾಂಕ್ಲಿನ್ ಅವೆನ್ಯೂ ಅಂತ ಒಂದು ರಸ್ತೆ ಇದೆ. ಅಲ್ಲಿ ಮೂಲನಿವಾಸಿಗಳ ಸಮುದಾಯ ಭವನ, ಕ್ಲಿನಿಕ್, ಚಿತ್ರಶಾಲೆ ಎಲ್ಲ ಇವೆ. 1968ರಲ್ಲಿ ಮೂಲನಿವಾಸಿಗಳ ಹಕ್ಕಿನ ಚಳವಳಿ ಅಮೆರಿಕನ್ ಇಂಡಿಯನ್ ಮೂವ್‌ಮೆಂಟ್ ಹುಟ್ಟಿದ್ದು ಇದೇ ಊರಿನಲ್ಲಿ. ಇಲ್ಲಿಗೆ ಬಂದ ಮೊದಲ ವರ್ಷಗಳಲ್ಲಿ ಇದ್ಯಾವುದೂ ನನಗೆ ಗೊತ್ತಿರಲಿಲ್ಲ. ಆಫೀಸು, ಮನೆ, ಕನ್ನಡ ಸಂಘದ ಯುಗಾದಿ ಊಟ, ಇಷ್ಟೇ. ಆ ರಸ್ತೆಯನ್ನು ನಾನು ಸರಿಯಾಗಿ ನೋಡಿದ್ದು ಬಹಳ ತಡವಾಗಿ. ಅದು ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಒಂದು ಅಂಕಿ. 2022ರಲ್ಲಿ ಅಮೆರಿಕದಲ್ಲಿ ಲಕ್ಷ ಜನಕ್ಕೆ ಸುಮಾರು 14 ಜನ ಆತ್ಮಹತ್ಯೆ ಮಾಡಿಕೊಂಡರು. ಮೂಲನಿವಾಸಿಗಳಲ್ಲಿ ಈ ಲೆಕ್ಕ ಲಕ್ಷಕ್ಕೆ ಸುಮಾರು 27. ಈ ದೇಶದ ಬೇರೆ ಯಾವ ಜನರಲ್ಲೂ ಇಷ್ಟು ಜಾಸ್ತಿ ಇಲ್ಲ. ಇದನ್ನು ಕೇಳಿದ ತಕ್ಷಣ ಕೆಲವರು "ಕುಡಿತ ಜಾಸ್ತಿ ಅಲ್ವಾ ಅವರಲ್ಲಿ" ಅನ್ನುತ್ತಾರೆ. ಹಾಗೆ ಅಂದವರಿಗೆ ನಾನು ಈಗ ಬೋರ್ಡಿಂಗ್ ಶಾಲೆಗಳ ವಿಷಯ ಹೇಳುತ್ತೇನೆ.

1879ರಲ್ಲಿ ಪೆನ್ಸಿಲ್ವೇನಿಯಾದ ಕಾರ್ಲೈಲ್‌ನಲ್ಲಿ ಸರ್ಕಾರ ಒಂದು ಶಾಲೆ ತೆರೆಯಿತು. ಸಾವಿರಾರು ಮೈಲಿ ದೂರದಿಂದ ಮೂಲನಿವಾಸಿಗಳ ಮಕ್ಕಳನ್ನು ರೈಲಿನಲ್ಲಿ ತಂದರು. ಕೂದಲು ಕತ್ತರಿಸಿದರು, ಹೆಸರು ಬದಲಿಸಿದರು, ಮನೆಮಾತು ಆಡಿದರೆ ಶಿಕ್ಷೆ ಕೊಟ್ಟರು. ಇಂಥವು ದೇಶದ ತುಂಬ ಇದ್ದವು. ಸರ್ಕಾರವೇ 2024ರಲ್ಲಿ ಒಪ್ಪಿಕೊಂಡ ಲೆಕ್ಕದ ಪ್ರಕಾರ 417 ಶಾಲೆಗಳು. ಅಲ್ಲಿ ಸತ್ತ ಮಕ್ಕಳು ಕನಿಷ್ಠ 973. ಅದೇ ವರ್ಷ ಅಕ್ಟೋಬರಿನಲ್ಲಿ ಅಧ್ಯಕ್ಷ ಬೈಡನ್ ಕ್ಷಮೆ ಕೇಳಿದರು. ಮರಿಯಾ ಯೆಲ್ಲೋ ಹಾರ್ಸ್ ಬ್ರೇವ್ ಹಾರ್ಟ್ ಎಂಬ ಲಕೋಟಾ ವಿದ್ವಾಂಸೆ ಈ ಗಾಯದ ಬಗ್ಗೆ ದಶಕಗಳಿಂದ ಬರೆಯುತ್ತಿದ್ದಾರೆ. ಒಂದು ತಲೆಮಾರು ಅಳಲು ಬಿಡದೆ ನುಂಗಿಕೊಂಡ ದುಃಖ ಮುಂದಿನ ತಲೆಮಾರಿಗೂ ಇಳಿಯುತ್ತದೆ ಅನ್ನುವುದು ಅವರ ಮಾತಿನ ಸಾರ. ಅಜ್ಜಿಯನ್ನು ಆ ಶಾಲೆಯಲ್ಲಿ ಹೊಡೆದು ಬೆಳೆಸಿದ್ದರೆ, ಮಗುವನ್ನು ಮಡಿಲಲ್ಲಿ ಕೂರಿಸಿ ಜೋಗುಳ ಹಾಡುವುದನ್ನು ಅವಳು ಯಾರಿಂದ ಕಲಿಯಬೇಕಿತ್ತು?

ಇನ್ನು ಹಾಡಿನ ವಿಷಯ. 1883ರಲ್ಲಿ ಸರ್ಕಾರ ಒಂದು ನಿಯಮಾವಳಿ ತಂದಿತು. ಮೂಲನಿವಾಸಿಗಳ ಕುಣಿತ, ಆಚರಣೆ, ವೈದ್ಯ ಮಾಡುವವರ ವಿಧಿಗಳು, ಎಲ್ಲ ಅಪರಾಧ. ಮಾಡಿದರೆ ರೇಷನ್ ನಿಲ್ಲಿಸುವುದು, ಇಲ್ಲವೇ ಜೈಲು. 1921ರಲ್ಲೂ ಕುಣಿತಗಳನ್ನು ತಡೆಯಿರಿ ಎಂದು ಮತ್ತೊಂದು ಸುತ್ತೋಲೆ ಹೊರಟಿತು. ಅವರ ಧಾರ್ಮಿಕ ಆಚರಣೆಗೆ ಸ್ವಾತಂತ್ರ್ಯವಿದೆ ಎಂಬ ಕಾಯ್ದೆ ಬಂದಿದ್ದು 1978ರಲ್ಲಿ. ನಾನೂ ನೀನೂ ಹುಟ್ಟುವ ಹೊತ್ತಿಗೆ! ಇದನ್ನು ಓದಿದ ದಿನ ನಾನು ಸುಮ್ನೆ ಕೂತುಬಿಟ್ಟೆ. ದುಃಖ ಕೊಟ್ಟರು, ಸರಿ. ಆ ದುಃಖವನ್ನು ಕಳೆಯಲು ಆ ಜನ ನೂರಾರು ವರ್ಷಗಳಿಂದ ಇಟ್ಟುಕೊಂಡಿದ್ದ ದಾರಿಯನ್ನೂ ಮುಚ್ಚಿದರು. ಅದೇ ವರ್ಷಗಳಲ್ಲಿ ಅದೇ ಸರ್ಕಾರದ ಇನ್ನೊಂದು ಕಚೇರಿ ಫ್ರಾನ್ಸಿಸ್ ಡೆನ್ಸ್‌ಮೋರ್ ಎಂಬ ಮಿನೆಸೋಟಾದ ಹೆಂಗಸಿಗೆ ಸಂಬಳ ಕೊಟ್ಟು, ಒಜಿಬ್ವೆ ಹಾಡುಗಳನ್ನು ಮೇಣದ ಸಿಲಿಂಡರುಗಳಲ್ಲಿ ರೆಕಾರ್ಡ್ ಮಾಡಿಸುತ್ತಿತ್ತು. ಅವುಗಳಲ್ಲಿ ರೋಗಿಯ ಪಕ್ಕ ಕೂತು ಹಾಡುವ ಹಾಡುಗಳೂ ಇದ್ದವು. ಹಾಡು ಮ್ಯೂಸಿಯಮ್ಮಿನಲ್ಲಿ ಇರಬಹುದು, ಕಾಯಿಲೆಯವನ ಪಕ್ಕದಲ್ಲಿ ಇರಬಾರದು ಎಂಬ ಹಾಗೆ.

ಹುಚ್ಚು ಅಂತ ಯಾರನ್ನು ಕರೆಯಬೇಕು ಅನ್ನುವುದನ್ನೂ ಅವರೇ ತೀರ್ಮಾನಿಸಿದರು. ಪಕ್ಕದ ಸೌತ್ ಡಕೋಟಾದಲ್ಲಿ ಕ್ಯಾಂಟನ್ ಅಂತ ಒಂದು ಸಣ್ಣ ಊರು. ಅಲ್ಲಿ ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಮೂಲನಿವಾಸಿಗಳಿಗೆ ಮಾತ್ರ ಎಂದು ಒಂದು ಹುಚ್ಚಾಸ್ಪತ್ರೆ ಕಟ್ಟಿದರು. ಹಯವಾಥಾ ಅಸೈಲಮ್. ಸರ್ಕಾರಿ ಏಜೆಂಟನ ಜೊತೆ ಜಗಳ ಆಡಿದವರು, ಮೂರ್ಛೆ ರೋಗ ಇದ್ದವರು, ಇಂಥವರೂ ಅಲ್ಲಿಗೆ ಹೋದರು. 1929ರಲ್ಲಿ ವಾಷಿಂಗ್ಟನ್ನಿನಿಂದ ಬಂದ ಡಾ. ಸ್ಯಾಮ್ಯುಯೆಲ್ ಸಿಲ್ಕ್ ಎಂಬ ಮನೋವೈದ್ಯರು ತಪಾಸಣೆ ಮಾಡಿ, ಬೇಡಿ ಹಾಕಿಸಿಕೊಂಡು ಬಿದ್ದಿದ್ದ ರೋಗಿಗಳ ಬಗ್ಗೆ ಬರೆದರು. ಅಲ್ಲಿ ಇರಬೇಕಾಗಿಯೇ ಇಲ್ಲದವರು ಎಷ್ಟೋ ಜನ ಇದ್ದಾರೆ ಎಂದೂ ಬರೆದರು. 1934ರಲ್ಲಿ ಅದನ್ನು ಮುಚ್ಚಿದರು. ಅಲ್ಲಿ ಸತ್ತ 121 ಜನರ ಸಮಾಧಿ ಈಗ ಒಂದು ಗಾಲ್ಫ್ ಮೈದಾನದ ನಡುವೆ ಇದೆ. ಸುತ್ತ ಬೇಲಿ, ಒಂದು ಫಲಕ, ಅದರ ಮೇಲೆ ಹೆಸರುಗಳು. ಆಚೀಚೆ ಜನ ಚೆಂಡು ಹೊಡೆಯುತ್ತಾರೆ. ಮೂಲನಿವಾಸಿ ಮನೆಗಳಲ್ಲಿ ಕೆಲವರು ಮನೋವೈದ್ಯರ ಹೆಸರು ಕೇಳಿದರೆ ಹಿಂದೆ ಸರಿಯುತ್ತಾರೆ ಎಂದರೆ ನನಗೆ ಆಶ್ಚರ್ಯ ಆಗುವುದಿಲ್ಲ.

ಮಂಜು, ಇಷ್ಟೆಲ್ಲ ಯಾಕೆ ಬರೆದೆ ಅಂದರೆ, ಇದು ಗೊತ್ತಿಲ್ಲದೆ ಇಲ್ಲಿನ ಡ್ರಮ್ ಕೇಳಿದರೆ ಅದು ಬರೀ ಚೆಂದದ ಸದ್ದು ಆಗಿಬಿಡುತ್ತದೆ.

ಇಲ್ಲಿ ದೊಡ್ಡ ಡ್ರಮ್ಮಿನ ಬಗ್ಗೆ ಒಂದು ಕಥೆ ಹೇಳುತ್ತಾರೆ. ಸೈನಿಕರು ಹಳ್ಳಿಯ ಮೇಲೆ ಬಿದ್ದಾಗ ಒಬ್ಬ ಡಕೋಟಾ ಹೆಂಗಸು ಓಡಿ ಕೆರೆಗೆ ಇಳಿದಳು. ತಾವರೆ ಎಲೆಗಳ ಕೆಳಗೆ ಅಡಗಿ ಕೂತಳು. ದಿನಗಟ್ಟಲೆ ನೀರಿನಲ್ಲೇ ಇದ್ದಳು. ಆಗ ಅವಳಿಗೆ ಒಂದು ದರ್ಶನ ಆಯಿತು. ಡ್ರಮ್ ಹೇಗೆ ಮಾಡಬೇಕು, ಯಾವ ಹಾಡು ಹಾಡಬೇಕು, ಹೇಗೆ ಸುತ್ತ ಕೂರಬೇಕು, ಎಲ್ಲ ಅದರಲ್ಲಿ ತಿಳಿಯಿತು. ಅವಳು ಹೊರಗೆ ಬಂದು ತನ್ನ ಜನರಿಗೆ ಹೇಳಿದಳು. ಡಕೋಟಾ ಜನ ಆ ಡ್ರಮ್ಮನ್ನು 1870ರ ದಶಕದ ಸುಮಾರಿಗೆ ತಮ್ಮ ಹಳೆಯ ವೈರಿಗಳಾದ ಒಜಿಬ್ವೆ ಜನರಿಗೆ ಕೊಟ್ಟರು, ಜಗಳ ಸಾಕು ಅಂತ. ಅಂದರೆ ಈ ಡ್ರಮ್ ಹುಟ್ಟಿದ್ದೇ ಜೀವಭಯದಲ್ಲಿ ಉಸಿರು ಬಿಗಿಹಿಡಿದು ಕೂತಿದ್ದ ಒಬ್ಬ ಹೆಂಗಸಿನ ಮನಸ್ಸಿನಲ್ಲಿ. ಈ ಕಥೆಯನ್ನು ನಾನು ತುಂಬ ಸಲ ನೆನೆಸಿಕೊಂಡಿದ್ದೇನೆ.

ಆ ಡ್ರಮ್ಮನ್ನು ಅವರು ವಸ್ತು ಅಂತ ನೋಡುವುದಿಲ್ಲ. ಮನೆಯ ಹಿರಿಯ ಜೀವ ಅಂತ ನೋಡುತ್ತಾರೆ. ಅದಕ್ಕೆ ಹೊಗೆಸೊಪ್ಪು ಅರ್ಪಿಸುತ್ತಾರೆ. ಕುಡಿದು ಅದರ ಹತ್ತಿರ ಹೋಗುವ ಹಾಗಿಲ್ಲ. ಎಷ್ಟೋ ಗಂಡಸರು ಕುಡಿತ ಬಿಟ್ಟು ಉಳಿದಿದ್ದು ಇದೊಂದು ಕಟ್ಟುಪಾಡಿನಿಂದ. ಒಂದು ಡ್ರಮ್ಮಿನ ಸುತ್ತ ಏಳೆಂಟು ಜನ ಕೂತು, ಎಲ್ಲರೂ ಅದೇ ಚರ್ಮಕ್ಕೆ ಹೊಡೆಯುತ್ತಾರೆ. ಒಬ್ಬ ಎತ್ತರದ ದನಿಯಲ್ಲಿ ಎತ್ತಿಕೊಂಡರೆ ಉಳಿದವರು ಸೇರಿಕೊಳ್ಳುತ್ತಾರೆ. ನಮ್ಮ ಕಡೆಯ ಪೌವಾವ್‌ಗಳಲ್ಲಿ, ಅಂದರೆ ಮೂಲನಿವಾಸಿಗಳ ಹಾಡು ಕುಣಿತದ ಕೂಟಗಳಲ್ಲಿ, ಹೆಂಗಸರು ಅವರ ಹಿಂದೆ ನಿಂತು ದನಿ ಕೊಡುತ್ತಾರೆ. ಒಬ್ಬನ ಉಸಿರು ಮುಗಿದಲ್ಲಿ ಇನ್ನೊಬ್ಬನದು ಹಿಡಿದುಕೊಳ್ಳುತ್ತದೆ. ನಿನ್ನ ಡೊಳ್ಳಿನ ತಂಡದಲ್ಲಿ ಯಾರಾದರೂ ಒಬ್ಬರು ಸುಸ್ತಾದಾಗ ಉಳಿದವರ ಪೆಟ್ಟು ಅವರನ್ನು ಎತ್ತಿಕೊಂಡು ಹೋಗುತ್ತದೆ ಅಂತ ನೀನು ಹೇಳುತ್ತೀಯಲ್ಲ, ಹಾಗೆಯೇ.

ಆಗಸ್ಟಿನಲ್ಲಿ ನಮ್ಮ ಊರಿನ ದಕ್ಷಿಣಕ್ಕೆ ಶಕೋಪಿಯ ಡಕೋಟಾ ಸಮುದಾಯದವರು ಪೌವಾವ್ ಮಾಡುತ್ತಾರೆ. ಎಲ್ಲರೂ ಹೋಗಬಹುದು. ಅಲ್ಲಿ ಜಿಂಗಲ್ ಡ್ರೆಸ್ ಕುಣಿತ ನೋಡಿದೆ. ಲಂಗದ ತುಂಬ ತಗಡಿನ ಸಣ್ಣ ಕೊಳವೆಗಳು. ಮೊದಲು ಅವನ್ನು ನಶ್ಯದ ಡಬ್ಬಿಗಳ ಮುಚ್ಚಳ ಸುರುಳಿ ಮಾಡಿ ಹೊಲಿಯುತ್ತಿದ್ದರಂತೆ. ಹೆಂಗಸರು ಹೆಜ್ಜೆ ನೆಲಕ್ಕೆ ಹತ್ತಿರ ಇಟ್ಟು ಕುಣಿದಾಗ ನೂರಾರು ಕೊಳವೆಗಳು ಒಂದಕ್ಕೊಂದು ತಾಗಿ ಮಳೆಯ ಸದ್ದು. ಇದು ಒಜಿಬ್ವೆ ಜನರದು, 1918ರ ಇನ್‌ಫ್ಲುಯೆಂಜಾ ಕಾಲದ್ದು. ಮಗಳು ಸಾಯುವ ಹಾಗೆ ಮಲಗಿದ್ದಾಗ ಅಪ್ಪನಿಗೆ ಕನಸಿನಲ್ಲಿ ಈ ಉಡುಪು, ಈ ಹೆಜ್ಜೆ ಕಂಡಿತು. ಹುಡುಗಿಯನ್ನು ವೃತ್ತದ ಸುತ್ತ ಮೊದಲು ಎತ್ತಿಕೊಂಡು ಹೋದರು. ಆಮೇಲೆ ಹಿಡಿದುಕೊಂಡು ನಡೆಸಿದರು. ರಾತ್ರಿ ಮುಗಿಯುವಾಗ ಅವಳೇ ಕುಣಿಯುತ್ತಿದ್ದಳು. ಒಜಿಬ್ವೆ ಇತಿಹಾಸಕಾರ್ತಿ ಬ್ರೆಂಡಾ ಚೈಲ್ಡ್ ಇದರ ಬಗ್ಗೆ ಬರೆದಿದ್ದಾರೆ. ಕುಣಿತಕ್ಕೆ ತಡೆ ಇದ್ದ ಆ ವರ್ಷಗಳಲ್ಲೇ ಹೆಂಗಸರು ಇದನ್ನು ಹಳ್ಳಿಯಿಂದ ಹಳ್ಳಿಗೆ ದಾಟಿಸಿದರು. 2020ರಲ್ಲಿ ಕೊರೊನಾ ಬಂದಾಗ ಮತ್ತೆ ಅವರೇ ತಮ್ಮ ತಮ್ಮ ಅಂಗಳಗಳಲ್ಲಿ ಕುಣಿದು ವಿಡಿಯೊ ಹಾಕಿದರು, ಕಾಯಿಲೆಯವರಿಗಾಗಿ.

ನಾನು ವಿಜ್ಞಾನ ಬಿಟ್ಟು ಎಲ್ಲೋ ಹೊರಟೆ ಅಂದುಕೊಳ್ಳಬೇಡ. ಲಾಸ್ ಏಂಜಲೀಸ್‌ನಲ್ಲಿ ಡ್ಯಾನಿಯಲ್ ಡಿಕರ್ಸನ್ ಎಂಬ ಮನೋವೈದ್ಯರಿದ್ದಾರೆ. ಅವರೂ ಅಲಾಸ್ಕಾದ ಇನುಪಿಯಾಕ್ ಮೂಲದವರು. ನಗರದಲ್ಲಿರುವ ಮೂಲನಿವಾಸಿಗಳಿಗೆ ಕುಡಿತ, ಡ್ರಗ್ಸ್ ಬಿಡಿಸಲು ಡ್ರಮ್ ಬಾರಿಸುವುದನ್ನೂ ಕೌನ್ಸೆಲಿಂಗನ್ನೂ ಸೇರಿಸಿ ಒಂದು ಚಿಕಿತ್ಸೆ ರೂಪಿಸಿದರು. ಹೇಗೆ ಮಾಡಬೇಕು ಅನ್ನುವುದನ್ನು ಮೊದಲು ಸಮುದಾಯದವರ ಹತ್ತಿರವೇ ಕೇಳಿದರು. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಮೈಕಲ್ ಚಾಂಡ್ಲರ್ ಮತ್ತು ಕ್ರಿಸ್ಟೋಫರ್ ಲಲೋಂಡ್ 1998ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ದೊಡ್ಡದು. ತಮ್ಮ ಶಾಲೆ, ತಮ್ಮ ಆರೋಗ್ಯ ಕೇಂದ್ರ, ತಮ್ಮ ಆಡಳಿತ, ತಮ್ಮ ಸಂಸ್ಕೃತಿಗೆ ಒಂದು ಕಟ್ಟಡ, ಇವು ತಮ್ಮ ಕೈಯಲ್ಲೇ ಇರುವ ಸಮುದಾಯಗಳಲ್ಲಿ ಹುಡುಗರ ಆತ್ಮಹತ್ಯೆ ತೀರಾ ಕಡಿಮೆ, ಕೆಲವು ಕಡೆ ಇಲ್ಲವೇ ಇಲ್ಲ. 2007ರಲ್ಲಿ ಅವರೇ ಭಾಷೆಯ ಲೆಕ್ಕವನ್ನೂ ನೋಡಿದರು. ಅರ್ಧಕ್ಕಿಂತ ಜಾಸ್ತಿ ಜನ ತಮ್ಮ ಮಾತು ಆಡಬಲ್ಲ ಊರುಗಳಲ್ಲೂ ಹಾಗೆಯೇ ಕಂಡಿತು.

ಇದರಿಂದ ನನಗೆ ಅರ್ಥವಾಗಿದ್ದು ಇಷ್ಟು. ಒಂದು ರಾಗಕ್ಕೆ ಒಂದು ರೋಗ ವಾಸಿ ಮಾಡುವ ಶಕ್ತಿ ಇದೆ ಅಂತ ಯಾರಾದರೂ ಹೇಳಿದರೆ ನಂಬಬೇಡ. ಇಲ್ಲಿ ಕೆಲಸ ಮಾಡುವುದು ಪಕ್ಕದಲ್ಲಿ ಕೂತವನ ಮೊಣಕೈ. ನಾಳೆ ಸಂಜೆ ಬರುತ್ತೀಯಾ ಅಂತ ಕೇಳುವವನು. ನೀನು ಬರದೇ ಇದ್ದರೆ ಡ್ರಮ್ಮಿನ ಸುತ್ತ ಕಾಣುವ ಒಂದು ಖಾಲಿ ಜಾಗ. ಹಾಡು ಇವರನ್ನೆಲ್ಲ ಒಂದು ಕಡೆ ಕೂರಿಸುತ್ತದೆ. ಅದಕ್ಕೇ ಇಲ್ಲಿ ಸ್ಟುಡಿಯೊಗಳಲ್ಲಿ ದುಡ್ಡು ತೆಗೆದುಕೊಂಡು ಯಾರು ಯಾರಿಗೋ "ಡ್ರಮ್ ಹೀಲಿಂಗ್" ಮಾಡಿಸುವ ಜಾಹೀರಾತು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಆ ಜನ ಜೈಲಿಗೆ ಹೋಗಿ ಉಳಿಸಿಕೊಂಡಿದ್ದು ಅದು.

ಹೊಸ ವರ್ಷದ ಹಿಂದಿನ ರಾತ್ರಿ ಇಲ್ಲಿ ಎಷ್ಟೋ ಊರುಗಳಲ್ಲಿ ಕುಡಿತ ಬಿಟ್ಟವರಿಗಾಗಿಯೇ ಪೌವಾವ್ ನಡೆಯುತ್ತದೆ. ಊರೆಲ್ಲ ಕುಡಿಯುವ ರಾತ್ರಿ. ಕುಡಿಯದೆ ಇರಬೇಕಾದವನಿಗೆ ವರ್ಷದಲ್ಲೇ ಕಷ್ಟದ ರಾತ್ರಿ. ಅವತ್ತೇ ಅವನನ್ನು ಕರೆದು, ಮಕ್ಕಳು ಮರಿಗಳ ಜೊತೆ, ಡ್ರಮ್ಮಿನ ಸುತ್ತ ಕುಣಿಸುತ್ತಾರೆ. ಎಂಥ ಬುದ್ಧಿವಂತಿಕೆ ನೋಡು!

ನಿನ್ನ ಅಣ್ಣನ ಮಗನಿಗೆ ಇದನ್ನು ತೋರಿಸು: ಮೊಂಟಾನಾದ ಬ್ರೌನಿಂಗ್ ಊರು, ಬ್ಲ್ಯಾಕ್‌ಫೀಟ್ ಜನರದು. ಅಲ್ಲಿ ಹುಡುಗರ ಆತ್ಮಹತ್ಯೆಗಳಿಂದ ನೊಂದ ಶಾಲೆಯವರು ಮೆಟಲ್ ಸಂಗೀತವನ್ನೇ ಪಾಠ ಮಾಡಿದರು. ಮಕ್ಕಳು ಒಬ್ಬೊಬ್ಬರೇ ಕೋಣೆಯಲ್ಲಿ ಕೇಳುತ್ತಿದ್ದ ಅದೇ ಸಂಗೀತವನ್ನು ತರಗತಿಯಲ್ಲಿ ಒಟ್ಟಿಗೆ ಕೂತು ಕೇಳಿದರು, ಅದರಲ್ಲಿ ಇರುವ ನೋವಿನ ಬಗ್ಗೆ ಮಾತಾಡಿದರು. 2025ರ ಜುಲೈನಲ್ಲಿ ಅಲ್ಲೇ ಬೆಟ್ಟಗಳ ನಡುವೆ ದೊಡ್ಡ ಮೆಟಲ್ ಉತ್ಸವ ನಡೆಯಿತು, ಬ್ಲ್ಯಾಕ್‌ಫೀಟ್ ಜನರೇ ಆತಿಥೇಯರು. ದಕ್ಷಿಣದಲ್ಲಿ ನವಾಹೊ ಹುಡುಗರೂ ಮರುಭೂಮಿಯ ಮನೆಗಳಲ್ಲಿ ಮೆಟಲ್ ಬ್ಯಾಂಡ್ ಕಟ್ಟುತ್ತಾರೆ. ಮೂಲನಿವಾಸಿಗಳಿಗೆಂದು ಬಿಟ್ಟ ನೆಲವಾದ ರೋಸ್‌ಬಡ್ ರಿಸರ್ವೇಶನ್ನಿನ ಫ್ರಾಂಕ್ ವಾಲ್ನ್ ಎಂಬ ಲಕೋಟಾ ರ‍್ಯಾಪ್ ಗಾಯಕರು ತಮ್ಮ ಡಿಪ್ರೆಶನ್ ಬಗ್ಗೆ ಎಲ್ಲರ ಮುಂದೆ ಮಾತಾಡುತ್ತಾರೆ. ಆದ್ದರಿಂದ ಗಲಾಟೆ ಅನ್ನಬೇಡ. ಷರತ್ತು ಪಾಲಿಸಿದ್ದೇನೆ ಅಂತ ಅವನಿಗೆ ಹೇಳು.

ಉತ್ತರದ ಇನುಯಿಟ್ ಹೆಂಗಸರದು ಇನ್ನೂ ಚೆಂದ. ಇಬ್ಬರು ಎದುರುಬದುರು ನಿಂತು, ಒಬ್ಬರ ತೋಳು ಒಬ್ಬರು ಹಿಡಿದು, ಗಂಟಲಿನಿಂದ ಸದ್ದು ಹೊರಡಿಸುತ್ತಾರೆ. ಒಬ್ಬರ ಸದ್ದು ಬಿಟ್ಟ ಜಾಗದಲ್ಲಿ ಇನ್ನೊಬ್ಬರದು. ಮೊದಲು ನಕ್ಕವರು ಸೋತರು. ಪಾದ್ರಿಗಳು ಇದನ್ನೂ ನಿಲ್ಲಿಸಿದ್ದರು. ತಾನ್ಯಾ ತಗಾಕ್ ಎಂಬ ಗಾಯಕಿ ಇದನ್ನು ಕಲಿತಿದ್ದು ಮನೆಯಿಂದ ದೂರ, ಹ್ಯಾಲಿಫ್ಯಾಕ್ಸ್‌ನಲ್ಲಿ ಓದುತ್ತಿದ್ದಾಗ. ಅವರ ಅಮ್ಮ ಕ್ಯಾಸೆಟ್ ಕಳಿಸಿದ್ದರು. ಎದುರು ನಿಲ್ಲಲು ಯಾರೂ ಇರಲಿಲ್ಲ. ಅದಕ್ಕೇ ಎರಡೂ ದನಿಗಳನ್ನು ಒಬ್ಬರೇ ಹಾಡಲು ಕಲಿತರು. ಮುಂದೆ 2014ರಲ್ಲಿ ಕೆನಡಾದ ದೊಡ್ಡ ಸಂಗೀತ ಪ್ರಶಸ್ತಿಯಾದ ಪೊಲಾರಿಸ್ ಅವರಿಗೆ ಬಂತು.

ಬರೆಯುತ್ತ ಇಲ್ಲಿಗೆ ಬಂದಾಗ ನನಗೆ ಸ್ವಲ್ಪ ಕಷ್ಟ ಆಗುತ್ತದೆ ಮಂಜು. ಪಕ್ಕದಲ್ಲಿ ಜನ ಬೇಕು ಅಂತ ಈಗಷ್ಟೇ ಬರೆದೆ. ಆದರೆ ಪಕ್ಕದಲ್ಲಿ ಯಾರೂ ಇಲ್ಲದಾಗ ಒಬ್ಬಳು ಹುಡುಗಿ ಅಮ್ಮನ ಕ್ಯಾಸೆಟ್ ಹಾಕಿಕೊಂಡು ಕೋಣೆಯಲ್ಲಿ ಕೂತಳಲ್ಲ, ಅದೂ ನಿಜ. ನಿನ್ನ ಅಣ್ಣನ ಮಗನ ಹೆಡ್‌ಫೋನ್ ಕೂಡ ಅಂಥದ್ದೇ ಇರಬಹುದು. ಅದನ್ನು ಕಿತ್ತುಕೊಳ್ಳಬೇಡಿ. ಅವನಿಗೆ ಸದ್ಯಕ್ಕೆ ಹಿಡಿದುಕೊಳ್ಳಲು ಅದೊಂದೇ ಇರಬಹುದು.

ನನಗೂ ಅದೊಂದೇ ಇತ್ತು.

ಹೋದ ಚಳಿಗಾಲ ನಾನು ನಿನ್ನ ಫೋನ್ ಎತ್ತುತ್ತಿರಲಿಲ್ಲ. ಆಫೀಸಿನ ಕೆಲಸ ಜಾಸ್ತಿ ಅಂತ ಮೆಸೇಜು ಹಾಕುತ್ತಿದ್ದೆ. ಇಲ್ಲಿ ಡಿಸೆಂಬರಿನಲ್ಲಿ ನಾಲ್ಕೂವರೆಗೆ ಕತ್ತಲಾಗುತ್ತದೆ. ಬೆಳಿಗ್ಗೆ ಹಾಸಿಗೆಯಿಂದ ಏಳುವುದೇ ಒಂದು ಇಡೀ ದಿನದ ಕೆಲಸ ಆಗಿತ್ತು. ಮಕ್ಕಳ ಮಾತು ದೂರದಿಂದ ಕೇಳಿದ ಹಾಗೆ ಕೇಳುತ್ತಿತ್ತು. ಬದುಕಿ ಏನಾಗಬೇಕು ಅನ್ನಿಸಿದ ರಾತ್ರಿಗಳೂ ಇದ್ದವು. ಕಾರಿನಲ್ಲಿ ಸುಮ್ನೆ ಎಲ್ಲೆಲ್ಲೋ ಓಡಾಡುತ್ತಿದ್ದೆ. ಹಾಗೆ ಒಂದು ಸಂಜೆ ಫ್ರಾಂಕ್ಲಿನ್ ಅವೆನ್ಯೂದಲ್ಲಿ ಗಾಡಿ ನಿಲ್ಲಿಸಿದಾಗ ಒಂದು ಕಟ್ಟಡದ ಒಳಗಿಂದ ಡ್ರಮ್ ಕೇಳಿಸಿತು. ಕಿಟಕಿ ಇಳಿಸಿದೆ. ಮೈನಸ್ ಚಳಿ. ಒಳಗೆ ಹೋಗಲಿಲ್ಲ, ಅದು ನನ್ನ ಜಾಗ ಅಲ್ಲ ಅಂತ ಗೊತ್ತಿತ್ತು. ಅದು ನಿಲ್ಲುವವರೆಗೆ ಕೂತಿದ್ದೆ. ಒಳಗಿನವರು ಒಬ್ಬರಿಗೊಬ್ಬರು ಏನೋ ಹೇಳಿ ಜೋರಾಗಿ ನಕ್ಕರು. ನನಗೆ ಅಳು ಬಂತು. ಆ ನಗುವಿನ ಪಕ್ಕ ಕೂರಬೇಕು ಅನ್ನಿಸಿತು.

ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. ಅವಳು ಮರುದಿನವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ, ಈಗಲೂ. ಕೌನ್ಸೆಲರ್ ಒಬ್ಬರ ಹತ್ತಿರ ಮಾತಾಡುತ್ತೇನೆ. ಮಾತ್ರೆ ಇಲ್ಲದೆ ಬರೀ ಹಾಡಿನಿಂದ ನಾನು ಎದ್ದು ಕೂರುತ್ತಿರಲಿಲ್ಲ. ಇದನ್ನು ಸ್ಪಷ್ಟವಾಗಿ ಬರೆಯುತ್ತಿದ್ದೇನೆ, ಯಾಕೆಂದರೆ ಇದನ್ನು ಓದಿ ಯಾರಾದರೂ ಮಾತ್ರೆ ಬಿಟ್ಟು ತಾಳ ಹಿಡಿದುಬಿಟ್ಟಾರು ಅಂತ ನನಗೆ ಭಯ.

ತಾಳ ಅಂದೆ. ಅಪ್ಪನ ತಾಳ ನಿನಗೆ ನೆನಪಿದೆಯಲ್ಲ? ಶನಿವಾರದ ಭಜನೆಗೆ ಅಪ್ಪ ಇಲ್ಲದೆ ಶುರುವೇ ಆಗುತ್ತಿರಲಿಲ್ಲ. ನಾವು ಹೈಸ್ಕೂಲಿನಲ್ಲಿದ್ದಾಗ ಒಂದು ವರ್ಷ ಅಪ್ಪ ಭಜನೆಗೆ ಹೋಗುವುದನ್ನು ನಿಲ್ಲಿಸಿದರು. ತಾಳವನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟರು. ಮನೆಯಲ್ಲಿ "ಗಾಳಿ ಸೋಕಿದೆ" ಅಂದರು. ಮಂತ್ರ ಹಾಕಿಸಿದರು. ಭಜನೆಯವರು ಎರಡು ವಾರ ಕರೆದರು, ಆಮೇಲೆ ಬೇರೆಯವರನ್ನು ಹುಡುಕಿಕೊಂಡರು. ಅಪ್ಪ ಮತ್ತೆ ಮೊದಲಿನ ಹಾಗೆ ಆಗಲೇ ಇಲ್ಲ. ಹೊಲಕ್ಕೆ ಹೋದರು, ಬಂದರು, ಉಂಡರು, ಅಷ್ಟೇ. ಅದು ಏನು ಕಾಯಿಲೆ ಅಂತ ನನಗೆ ಗೊತ್ತಾಗಿದ್ದು ನನ್ನ ಚೀಟಿಯ ಮೇಲೆ ಡಾಕ್ಟರು ಅದನ್ನೇ ಬರೆದಾಗ. ಅಮ್ಮನಿಗೆ ಇನ್ನೂ ಹೇಳಿಲ್ಲ. ಈ ಪತ್ರ ಅವಳಿಗೆ ಯಾರಾದರೂ ಓದಿ ಹೇಳುವ ಮೊದಲು ನಾನೇ ಫೋನ್ ಮಾಡಬೇಕು.

ಕ್ರೀ ಎಂಬ ಮೂಲನಿವಾಸಿ ಜನರಲ್ಲಿ ಒಂದು ಕಥೆ ಇದೆ. ಅಮ್ಮ ಸತ್ತ ದುಃಖದಲ್ಲಿ ಒಬ್ಬ ಮಗಳು ಬದುಕನ್ನೇ ಬಿಟ್ಟು ಕೂತಿದ್ದಳು. ಅಮ್ಮ ಬಂದು ಅವಳಿಗೆ ಕೆಲವು ಹಾಡು ಕೊಟ್ಟಳು. ಎಲ್ಲರನ್ನೂ ಕರೆದು, ಕೈ ಹಿಡಿದು, ಸುತ್ತ ಕುಣಿಯಿರಿ ಅಂದಳು. ಅದೇ ಈಗಿನ ರೌಂಡ್ ಡ್ಯಾನ್ಸ್. ಚಳಿಗಾಲದಲ್ಲಿ ಮಾಡುತ್ತಾರೆ. 2012ರ ಡಿಸೆಂಬರಿನಲ್ಲಿ ಕೆನಡಾದ ಮೂಲನಿವಾಸಿಗಳ 'ಐಡಲ್ ನೋ ಮೋರ್' ಚಳವಳಿಯಲ್ಲಿ ಅದೇ ರೌಂಡ್ ಡ್ಯಾನ್ಸ್ ಶಾಪಿಂಗ್ ಮಾಲ್‌ಗಳ ನಡುವೆ ನಡೆಯಿತು. ಅಪ್ಪನ ಸುತ್ತ ಯಾರೂ ಕೈ ಹಿಡಿದು ನಿಲ್ಲಲಿಲ್ಲ. ಭಜನೆಯವರ ಮೇಲೆ ನನಗೆ ಸಿಟ್ಟಿಲ್ಲ. ಮೂರನೇ ವಾರವೂ ಬಂದು ಜಗಲಿಯಲ್ಲಿ ಸುಮ್ನೆ ಕೂರಬಹುದಿತ್ತು ಅನ್ನಿಸುತ್ತದೆ, ಅಷ್ಟೇ.

ಸಾಕು. ಇಷ್ಟೆಲ್ಲ ಬರೆಯಲು ಕೂತಿರಲಿಲ್ಲ. ನೀನು ಓದಿ ತಕ್ಷಣ ಫೋನ್ ಮಾಡಿ ದನಿ ಸಣ್ಣ ಮಾಡಿ ಮಾತಾಡಬೇಡ. ನಾನು ಈಗ ಚೆನ್ನಾಗಿದ್ದೇನೆ. ಆಗಸ್ಟಿನ ಪೌವಾವ್‌ನಲ್ಲಿ ಎಲ್ಲರೂ ಬನ್ನಿ ಅಂತ ಮೈಕಿನಲ್ಲಿ ಕರೆದಾಗ ಪಕ್ಕದ ಕುರ್ಚಿಯ ಅಜ್ಜಿ ನನಗೂ ಏಳು ಅಂತ ಸನ್ನೆ ಮಾಡಿದರು. ಎದ್ದೆ. ಮಗಳು ನನ್ನ ಕೈ ಹಿಡಿದುಕೊಂಡಿದ್ದಳು. ನನ್ನ ಹೆಜ್ಜೆ ಹೇಗಿತ್ತು ಅನ್ನುವ ವಿಡಿಯೊ ಅವಳ ಹತ್ತಿರ ಇದೆ, ನಿನಗೆ ಕಳಿಸಕೂಡದು ಅಂತ ಹೇಳಿದ್ದೇನೆ. ಅಷ್ಟರಲ್ಲಿ ಕಳಿಸಿರುತ್ತಾಳೆ ಅಂತಲೂ ಗೊತ್ತು.

ಈಗ ಕೆಲಸದ ಮಾತು. ಹುಡುಗನನ್ನು ಡೊಳ್ಳಿನ ತಂಡಕ್ಕೆ ಎಳೆದುಕೊಂಡು ಹೋಗಬೇಡ, ನಿನ್ನ ಸ್ವಭಾವ ನನಗೆ ಗೊತ್ತು. ಮೊದಲು ಅವನ ಕೋಣೆಗೆ ಹೋಗಿ ಇನ್ನೊಂದು ಹೆಡ್‌ಫೋನ್ ಕೇಳು. ಅವನು ಕೇಳುವುದನ್ನೇ ಜೊತೆಗೆ ಕೂತು ಕೇಳು. ಅರ್ಥವಾಗದಿದ್ದರೆ ಅವನನ್ನೇ ಕೇಳು, ಹೇಳಿಕೊಡುತ್ತಾನೆ. ವಾರಕ್ಕೊಮ್ಮೆ ಹೋಗು. 'ಇವತ್ತು ಬೇಡ' ಅಂದರೂ ಮುಂದಿನ ವಾರ ಹೋಗು. ಮಾತ್ರೆ ತಪ್ಪಿಸದ ಹಾಗೆ ಅತ್ತಿಗೆಗೆ ಹೇಳು. ರಾತ್ರಿ ಹೊತ್ತು ಏನಾದರೂ ಭಯ ಆದರೆ 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ದುಡ್ಡಿಲ್ಲ, ಯಾವ ಹೊತ್ತಿನಲ್ಲೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಇದನ್ನು ಓದುತ್ತಿರುವ ಬೇರೆಯವರೂ ಆ ನಂಬರ್ ಬರೆದಿಟ್ಟುಕೊಳ್ಳಿ.

ಜನವರಿಯಲ್ಲಿ ಮೂರು ವಾರ ರಜೆ ಸಿಕ್ಕಿದೆ, ಊರಿಗೆ ಬರುತ್ತೇನೆ. ಅಟ್ಟ ಹತ್ತಿ ಅಪ್ಪನ ತಾಳ ಇಳಿಸಬೇಕು. ಏಣಿ ನೀನು ಹಿಡಿಯಬೇಕು, ಕಳೆದ ಸಲದ ಹಾಗೆ ಅಲ್ಲ, ಸರಿಯಾಗಿ. ಅಪ್ಪೆಮಿಡಿ ಉಪ್ಪಿನಕಾಯಿ ಎರಡು ಭರಣಿ ತೆಗೆದಿಡಲು ಅತ್ತಿಗೆಗೆ ಹೇಳು. ಒಂದನ್ನು ಸೂಟ್‌ಕೇಸಿನಲ್ಲಿ ತರುತ್ತೇನೆ. ಇನ್ನೊಂದು ಏನಾಗುತ್ತದೆ ಅಂತ ನಿನಗೂ ಗೊತ್ತು, ಬಸ್ ಕಂಡಕ್ಟರಿಗೂ ಗೊತ್ತು.

ನಿನ್ನ,
ಕಿಟ್ಟಿ